ಬಿಟ್ಟುಹೋದ ಒಂದು ಪದ

ನಮ್ಮ ಯಜಮಾನರು ಅಂಬ್ರೋಸ್ ಥರ್ಕೆಲ್ ಹುಟ್ಟಿದ್ದು ನಾರ್‌ಫೋಕ್‌ನ ಒಬ್ಬ ಚರ್ಮ ಹದಮಾಡುವವನ ಮನೆಯಲ್ಲಿ. ಲಂಡನ್ನಿನಲ್ಲಿ ಕಾನೂನು ಕಲಿತು, ನಲವತ್ತಕ್ಕೆ ರಾಜರ ವಕೀಲರಾಗಿ, ದೊಡ್ಡ ವಕೀಲರಿಗಷ್ಟೇ ಸಲ್ಲುವ ಬಿಳಿ ಕುಲಾವಿಯನ್ನು ತಲೆಗೆ ಕಟ್ಟಿದರು. ರಾಜರ ಎದುರಿಗೂ ಅದನ್ನು ತೆಗೆಯಬೇಕಿಲ್ಲ. ತಲೆ ಪೂರಾ ಬೋಳಾಗಿದ್ದ ಅವರಿಗೆ ಅದು ಇನ್ನೊಂದು ಅನುಕೂಲ. ಹದಿನಾರು ವರ್ಷ ರಾಜರ ಪರ ಗಂಟಲು ಕಿತ್ತುಹೋಗುವಷ್ಟು ವಾದಿಸಿದ ಮೇಲೆ ನ್ಯಾಯಾಧೀಶರ ಕೆಂಪು ನಿಲುವಂಗಿ ಸಿಕ್ಕಿತು. ಅದೂ ರಾಜರ ಮರ್ಜಿ ಇರುವ ತನಕ ಮಾತ್ರ. ನೇಮಕದ ಪತ್ರದಲ್ಲೇ ಹಾಗೆ ಬರೆದಿತ್ತು. ನಾನು ಬಾರ್ನಬಿ, ಅವರ ಗುಮಾಸ್ತ. ಅವರ ನಿಲುವಂಗಿ ಇದ್ದರೆ ನನ್ನ ಹೊಟ್ಟೆಪಾಡು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮಾಡಿದ್ದು ಒಳ್ಳೆಯ ಕೆಲಸವಲ್ಲ.

ಆ ವರ್ಷ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಥೆಟ್‌ಫರ್ಡಿನಲ್ಲಿ ವರ್ಷಕ್ಕೆ ಎರಡೇ ಸಲ ಬರುವ ಸಂಚಾರಿ ಕೋರ್ಟು ಕೂತಿತು. ಸರ್ ಮಾರ್ಮಡ್ಯೂಕ್ ಟಾಲ್ಬಿ ಎಂಬ ಜಮೀನ್ದಾರ ತನ್ನ ಊರಿನ ಗೋಮಾಳಕ್ಕೆ ಬೇಲಿ ಹಾಕಿಸಿದ್ದ. ಸಿಟ್ಟಿಗೆ ಸಿಸ್ಲಿ ಗಾರೊಡ್ ಎಂಬ ವಿಧವೆ ಅವನ ಧಾನ್ಯದ ಕಣಜಕ್ಕೆ ಬೆಂಕಿ ಇಟ್ಟಳೆಂದು ಆರೋಪ. ಸಾಬೀತಾದರೆ ಗಲ್ಲು. ಟಾಲ್ಬಿಯೋ ರಾಜರ ಜೊತೆ ಬೇಟೆಗೆ ಹೋಗುವ ಆಸಾಮಿ. ವಿಚಾರಣೆಯ ಹಿಂದಿನ ದಿನ ನಮ್ಮ ಬಿಡಾರಕ್ಕೆ ಊಟಕ್ಕೆ ಬಂದು, ಉಪ್ಪುಮೀನು ಚೀಪುತ್ತಾ ಹೇಳಿದ:

"ಅವಳನ್ನ ನೇತುಹಾಕ್ಸಿ ಸ್ವಾಮಿ. ರಾಜರು ನಿಮ್ಮ ಬಗ್ಗೆ ಕೇಳ್ತಾನೇ ಇರ್ತಾರೆ."

ಯಜಮಾನರು ಮುಳ್ಳು ಬಿಡಿಸುತ್ತಾ ಕೂತಿದ್ದರು.

ಬೆಳಿಗ್ಗೆ ಆರೋಪಪತ್ರ ಮೊದಲು ನನ್ನ ಕೈಗೆ ಬಂತು. ಅದು ಲ್ಯಾಟಿನ್ನಿನಲ್ಲೇ ಇರಬೇಕು. ಗಲ್ಲಿನ ಅಪರಾಧವಾದರೆ 'ಫೆಲೋನಿಕೆ', ಅಂದರೆ 'ಪಾತಕಬುದ್ಧಿಯಿಂದ' ಎಂಬ ಪದ ಇರಲೇಬೇಕು. ಇಲ್ಲವಾದರೆ ಇಡೀ ಪತ್ರ ರದ್ದಿ. ಬರೆದ ಪುಣ್ಯಾತ್ಮ 'ದುರುದ್ದೇಶದಿಂದ' ಎಂದು ಬರೆದು ನೇರ 'ಸುಟ್ಟಳು' ಎಂಬಲ್ಲಿಗೆ ಹಾರಿದ್ದ. ಸಿಸ್ಲಿಗೆ ಲ್ಯಾಟಿನ್ ಬಾರದು. ಇಂಥ ಮೊಕದ್ದಮೆಯಲ್ಲಿ ಆರೋಪಿಗೆ ವಕೀಲನನ್ನೂ ಕೊಡುವುದಿಲ್ಲ. ನ್ಯಾಯಾಧೀಶನೇ ಅವಳ ವಕೀಲ ಎನ್ನುತ್ತದೆ ನಮ್ಮ ಕಾನೂನು. ಯಜಮಾನರು ಬಾಯಿ ಬಿಟ್ಟರೆ ನಿಲುವಂಗಿ ಹೋದಂತೆಯೇ. ಪತ್ರವನ್ನು ಆ ದಿನದ ಕಾಗದಗಳ ಕಟ್ಟಿನ ತಳಕ್ಕೆ ತುರುಕಿ ಸುಮ್ಮನಾದೆ.

ಅವರು ಕಟ್ಟನ್ನು ಪೂರ್ತಿ ತಿರುವಿ ಹಾಕಿದರು. ತಳದ ಪತ್ರದ ಮೇಲೆ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಕಟ್ಟಿಗೆ ದಾರ ಸುತ್ತಿ ಎದ್ದರು. ಕೋರ್ಟಿನಲ್ಲಿ ಮೊದಲ ಕೆಲಸವಾಗಿ, ಆರೋಪಪತ್ರಗಳಿಗೆ ಒಪ್ಪಿಗೆ ಕೊಡುವ ಹಿರಿಯ ಪಂಚರನ್ನು ಕರೆದು, "ನಿಮ್ಮ ಕೆಲಸ ಮುಗೀತು, ಊರಿಗೆ ಹೊರಡಿ. ಬಿತ್ತನೆ ಕಾಯ್ತಿದೆ" ಎಂದು ಕಳಿಸಿದರು. ಸದ್ಯ, ಗಮನಿಸಿಲ್ಲ ಎಂದುಕೊಂಡೆ.

ವಿಚಾರಣೆ ಕಾಲು ಗಂಟೆಯಲ್ಲಿ ಮುಗಿಯಿತು. ಹನ್ನೆರಡು ಮಂದಿ ತೀರ್ಪುಗಾರರು ತಪ್ಪಿತಸ್ಥೆ ಎಂದರು. ಟಾಲ್ಬಿ ಕಾಲು ಚಾಚಿ ಕೂತ. ಶಿಕ್ಷೆಗೆ ಮುಂಚೆ ಕೇಳಲೇಬೇಕಾದ ಪ್ರಶ್ನೆಯನ್ನು ಯಜಮಾನರು ಕೇಳಿದರು.

"ನಿನಗೆ ಮರಣದಂಡನೆ ಯಾಕೆ ಕೊಡಬಾರದು? ಏನಾದ್ರೂ ಹೇಳೋದಿದೆಯಾ?"

"ನಾನೇನ್ ಹೇಳ್ಲಿ ಬುದ್ಧೀ? ಬೇಲಿ ಹಾಕಿದ್ರು, ಮೇವಿಲ್ದೆ ಹಸು ಸತ್ತೋಯ್ತು. ಈಗ ನಾನು."

"ನಿನ್ನ ವಕೀಲ ಒಂದು ಮಾತು ಹೇಳಬೇಕಂತಾನೆ."

"ನಂಗೆಲ್ಲಿದಾನೆ ವಕೀಲ?"

"ನಾನೇ ಕಣಮ್ಮ."

ಅವರು ನನ್ನ ಕಡೆ ತಿರುಗಿದರು.

"ಬಾರ್ನಬಿ, ಪತ್ರ ಓದು. ಯಾವ ಪದ ಇಲ್ಲ ಹೇಳು."

"ಫೆಲೋನಿಕೆ, ಸ್ವಾಮಿ" ಎಂದೆ.

"ಆ ಪದ ಇಲ್ಲದ ಪತ್ರದ ಮೇಲೆ ಯಾರನ್ನೂ ನೇತುಹಾಕೋಕಾಗಲ್ಲ. ಇವಳನ್ನ ಬಿಡಿ."

ಟಾಲ್ಬಿ ಎದ್ದು ಕೂಗಾಡಿದ. "ಒಂದು ಪದಕ್ಕಾ? ಈಗ್ಲೇ ಹೊಸಾದು ಬರೆಸ್ರೀ!"

"ಬರೆಸಬಹುದು. ಒಪ್ಪೋಕೆ ಹಿರಿಯ ಪಂಚರು ಬೇಕಲ್ಲ? ಬೆಳಿಗ್ಗೇನೇ ಮನೆಗೆ ಕಳಿಸಿದೀನಿ. ಮುಂದಿನ ಕೋರ್ಟು ಇನ್ನು ಬೇಸಿಗೆಗೇ."

ಬೇಸಿಗೆಗೆ ಸಿಸ್ಲಿ ಊರಲ್ಲಿರಲಿಲ್ಲ. ದೋಣಿ ಹತ್ತಿ ಡಚ್ಚರ ಕಡೆಗೆ ಹೋದಳೆಂದು ಜನ ಹೇಳಿದರು.

ನಮಗೆ ಅಷ್ಟು ದಿನವೂ ಸಿಗಲಿಲ್ಲ. ಮೂರನೇ ವಾರಕ್ಕೆ ರಾಜರ ಮರ್ಜಿ ಮುಗಿಯಿತೆಂಬ ಪತ್ರ ಬಂತು. ಲಂಡನ್ನಿನ ಕೋಣೆ ಖಾಲಿ ಮಾಡುತ್ತಿದ್ದೆವು. ನಾನು ಬೇಕೆಂದೇ ಧಡಧಡ ಸಾಮಾನು ಎತ್ತಿಹಾಕುತ್ತಿದ್ದೆ; ಅಷ್ಟು ಸಿಟ್ಟಿತ್ತು ಅವರ ಮೇಲೆ. ಯಜಮಾನರು ನಿಲುವಂಗಿ ಮಡಿಸುತ್ತಾ ಕೇಳಿದರು:

"ಅವತ್ತು ನೀನು ಪತ್ರ ಬಿಚ್ಚಲೇ ಇಲ್ಲ ಬಾರ್ನಬಿ. ಆದ್ರೂ ಪದ ಹೇಳ್ಬಿಟ್ಟೆ. ಮೊದ್ಲೇ ನೋಡಿದ್ಯಾ?"

ಕೈಯಲ್ಲಿದ್ದದ್ದನ್ನು ಕೆಳಗಿಟ್ಟೆ. "ನೋಡಿದ್ದೆ ಸ್ವಾಮಿ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಹೊಟ್ಟೆಪಾಡು ಹೋಗತ್ತಲ್ಲ ಅಂತ..."

"ನಂದಾ, ನಿಂದಾ?"

ಅವರು ಬೈದಿದ್ದರೆ ಚೆನ್ನಾಗಿತ್ತು. ಮಗ್ಗಿ ಕೇಳುವವರ ಹಾಗೆ ಕೇಳಿ, ಉತ್ತರಕ್ಕೆ ಕಾಯುತ್ತಾ ನಿಂತರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ನಂದು" ಎಂದೆ.

"ಸರಿ, ಪೆಟ್ಟಿಗೆಯ ಆ ಕಡೆ ಹಿಡ್ಕೋ" ಎಂದರು.