ಹನ್ನೆರಡು ಪೌಂಡಿನ ಕೋವಿ

ಮಧ್ಯಾಹ್ನ ಮೊಸರನ್ನ ಕಲಸಿ ಮೊದಲ ತುತ್ತು ಬಾಯಿಗೆ ಎತ್ತಿದಾಗ ಬೆರಳಿನಿಂದ ಆ ವಾಸನೆ ಬಂತು. ಬಂದೂಕಿನ ಬ್ಯಾರೆಲ್ ಒಳಗಿನ ಮಸಿ ತೆಗೆಯುವ ದ್ರವದ ವಾಸನೆ. ಸೀಮೆಎಣ್ಣೆಗೂ ನೇಲ್ ಪಾಲಿಶ್‌ಗೂ ಹುಟ್ಟಿದ್ದು ಅಂದುಕೊಳ್ಳಿ. ಮೂರು ಸಲ ಸೋಪು ಹಾಕಿದರೂ ಹೋಗುವುದಿಲ್ಲ. "ಚಮಚ ತಗೊಳ್ಳಿ," ಎಂದು ಹೆಂಡತಿ ತಟ್ಟೆಯ ಪಕ್ಕ ಒಂದು ಚಮಚ ಇಟ್ಟಳು. ಕೋಪವೇನೂ ಇರಲಿಲ್ಲ. ಎರಡು ವರ್ಷದಲ್ಲಿ ಅವಳಿಗೂ ರೂಢಿಯಾಗಿದೆ.

ನನ್ನನ್ನು ಬಲ್ಲವರು ಈ ವಾಸನೆ ನನ್ನ ಕೈಗೆ ಹೇಗೆ ಅಂಟಿತು ಎಂದು ಕೇಳಿಯೇ ಕೇಳುತ್ತಾರೆ. ಹೆದರುವುದರಲ್ಲಿ ನಾನು ನುರಿತವನು. ಬಾಗಿಲಿಗೆ ಬೀಗ ಹಾಕಿ, ಹೈವೇಯಲ್ಲಿ ಎರಡು ಎಕ್ಸಿಟ್ ದಾಟಿ, ಹಾಕಿದೆನೋ ಇಲ್ಲವೋ ಎಂದು ನೋಡಲು ವಾಪಸು ಬಂದವನು. "ಅಪ್ಪಾ, ಯೂ ಆರ್ ಸ್ಕೇರ್ಡ್ ಆಫ್ ದ ಟೋಸ್ಟರ್," ಅನ್ನುತ್ತಾಳೆ ಮಗಳು. ಸುಳ್ಳಲ್ಲ. ಪ್ರಯಾಣಕ್ಕೆ ಹೊರಡುವ ಮುಂಚೆ ಅದರ ಪ್ಲಗ್ ಕಿತ್ತು, ಕಿತ್ತಿದ್ದರ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಇಂಥವನ ಕೈಗೆ ರೈಫಲ್ ಕೊಟ್ಟವರು ದೇಚಮ್ಮ ಆಂಟಿ.

ಆಂಟಿ ಕೊಡಗಿನವರು. ಡೆಟ್ರಾಯಿಟ್ ಹತ್ತಿರದ ಆನ್ ಆರ್ಬರ್‌ನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಅರಿವಳಿಕೆ ಡಾಕ್ಟರಾಗಿದ್ದು, ರಿಟೈರ್ ಆದ ಮೇಲೆ ಊರಾಚೆ ಹತ್ತು ಎಕರೆ ಕೊಂಡು ಆಡು ಸಾಕಿದವರು. "ಇಷ್ಟು ವರ್ಷ ನಾನು ಜನರನ್ನ ಮಲಗಿಸಿದೆ. ಈಗ ಇವು ನನ್ನನ್ನ ಎಬ್ಬಿಸ್ತವೆ," ಅನ್ನುತ್ತಿದ್ದರು. ಹದಿನೆಂಟು ಆಡು, ಎಲ್ಲಕ್ಕೂ ಹೆಸರು. ಒಂದು ವಸಂತದಲ್ಲಿ ಒಂದೇ ವಾರಕ್ಕೆ ಮೂರು ಮರಿಗಳನ್ನು ಕಯೋಟಿಗಳು ಹಗಲು ಹೊತ್ತಿನಲ್ಲೇ ಎತ್ತಿಕೊಂಡು ಹೋದವು. ಕಯೋಟಿ ಅಂದರೆ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಆಂಟಿ ಮಾತ್ರ ಅದನ್ನು ನರಿ ಅಂತಲೇ ಕರೆಯುವುದು. ಅವರ ಬಳಿ ದಪ್ಪ ಬ್ಯಾರೆಲ್‌ನ ಒಂದು ರೈಫಲ್ ಇತ್ತು. ಅದರ ಮೇಲೆ ಕೂರಿಸಿದ ದುರ್ಬೀನೂ ಸೇರಿ ಹನ್ನೆರಡು ಪೌಂಡು. ಆ ವರ್ಷ ಅವರ ಬಲ ಭುಜಕ್ಕೆ ಆಪರೇಷನ್ ಆಯಿತು. ಆಮೇಲೆ ಅದನ್ನು ಹೊತ್ತು ಹೊಲದ ತುದಿಯವರೆಗೆ ನಡೆಯಲು ಅವರಿಂದ ಆಗಲಿಲ್ಲ.

"ಮಾರ್ಚ್‌ಗೆ ಮರಿ ಹಾಕ್ತವೆ. ಅಷ್ಟರೊಳಗೆ ಹಗುರದ್ದೊಂದು ಕೋವಿ ನೋಡ್ಬೇಕು. ನೀನು ಎಂಜಿನಿಯರ್ ಅಲ್ವಾ, ನೋಡಿ ಹೇಳು," ಎಂದರು.

ಕೇಳಿದ್ದು ಒಂದು ಸಲಹೆ. ನಾನು ಕೊಟ್ಟದ್ದು ಹದಿನಾಲ್ಕು ಕಾಲಮ್ಮಿನ ಸ್ಪ್ರೆಡ್‌ಶೀಟ್. ದಪ್ಪ ಬ್ಯಾರೆಲ್ ನಿಧಾನವಾಗಿ ಬಿಸಿಯಾಗುತ್ತದೆ, ಅಲುಗುವುದಿಲ್ಲ, ಸಾಲಾಗಿ ಹೊಡೆದರೂ ಗುಂಡು ಒಂದೇ ಕಡೆ ಬೀಳುತ್ತದೆ, ಆದರೆ ಹೊರಲಾಗದು. ತೆಳು ಬ್ಯಾರೆಲ್ ಕೊಡೆಯ ಹಾಗೆ ಹೆಗಲಿಗೇರುತ್ತದೆ; ಆದರೆ ನಾಲ್ಕು ಗುಂಡಿಗೇ ಕಾದು, ಐದನೆಯದು ಎಲ್ಲೋ ಹೋಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿತ್ತು ಅನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಡೆಟ್ರಾಯಿಟ್ ಕಡೆಯ ಒಂದು ಕಂಪನಿಯಲ್ಲಿ ಕಾರಿನ ಬ್ರೇಕು ಪರೀಕ್ಷಿಸುವುದು ನನ್ನ ಉದ್ಯೋಗ. ಕಾದ ಲೋಹ ಏನು ಮಾಡುತ್ತದೆ ಎಂಬುದನ್ನು ಸಂಬಳ ತೆಗೆದುಕೊಂಡು ಓದಿದವನು ನಾನು.

ಆರೂವರೆ ಪೌಂಡಿನ ಹಗುರ ರೈಫಲ್ ಬಂತು. ಅದರ ದುರ್ಬೀನನ್ನು ಗುರಿಗೆ ಹೊಂದಿಸುವ ಕೆಲಸವನ್ನು ನಾನೇ ಮೇಲೆ ಹಾಕಿಕೊಂಡೆ. ಗುಂಡು ಹಾರಿಸುವುದನ್ನು ಹಿಂದಿನ ಬೇಸಿಗೆಯಲ್ಲಿ ಆಂಟಿಯೇ ಕಲಿಸಿದ್ದರು. ಪ್ರಾಣಿಗೆ ಹೊಡೆಯುವುದಿಲ್ಲ, ಕಾಗದಕ್ಕೆ ಮಾತ್ರ ಎಂದು ನಾನು ಮೊದಲೇ ಹೇಳಿದ್ದೆ. "ಆಗ್ಲಿ, ಪೇಪರ್ ಬೇಟೆಗಾರ," ಅಂದಿದ್ದರು. "ಅದಕ್ಕೂ ಕೈ ನಡುಗ್ತಾ ಇದ್ಯಲ್ಲ, ಅದೇನು ತಿರುಗಿ ಹೊಡೆಯುತ್ತಾ?"

ನಮ್ಮ ಲ್ಯಾಬಿನಲ್ಲಿ ಒಂದು ಅಳತೆಯನ್ನು ಯಾರೂ ನಂಬುವುದಿಲ್ಲ. ಇಪ್ಪತ್ತು ತೆಗೆದುಕೊಂಡು ಸರಾಸರಿ ಹಾಕುತ್ತೇವೆ. ನಾನೂ ಶೂಟಿಂಗ್ ರೇಂಜಿನಲ್ಲಿ ಕೂತು ಒಂದರ ಹಿಂದೊಂದು ಇಪ್ಪತ್ತು ಗುಂಡು ಹಾರಿಸಿ, ಇಪ್ಪತ್ತು ತೂತುಗಳ ನಡುಬಿಂದು ಲೆಕ್ಕ ಹಾಕಿ, ದುರ್ಬೀನನ್ನು ಅದಕ್ಕೆ ಸರಿಯಾಗಿ ತಿರುಗಿಸಿದೆ. ಅಂಥ ತೃಪ್ತಿ ನನಗೆ ಅಪರೂಪ. ಅವತ್ತು ಬೀಗವನ್ನೂ ಎರಡನೇ ಸಲ ನೋಡಲಿಲ್ಲ.

ಫೆಬ್ರವರಿಯ ಒಂದು ಬೆಳಗ್ಗೆ, ಒಂಬತ್ತು ಡಿಗ್ರಿ ಫ್ಯಾರನ್‌ಹೀಟಿನ, ನೀರು ಕಲ್ಲಾಗುವ ಚಳಿಯಲ್ಲಿ, ಹುಲ್ಲಿನ ಪೆಂಡಿಗಳ ಹಿಂದೆ ನಾವಿಬ್ಬರೂ ಕೂತಿದ್ದೆವು. ಪೀಪಿಯಂಥ ಒಂದು ಸಾಧನ ನನ್ನ ಬಾಯಲ್ಲಿ. ಊದಿದರೆ ಗಾಯಗೊಂಡ ಮೊಲ ಕೂಗಿದ ಹಾಗೆ ಕೇಳುತ್ತದೆ. ಬಸುರಿ ಆಡುಗಳು ಬೆನ್ನ ಹಿಂದಿನ ಕೊಟ್ಟಿಗೆಯಲ್ಲಿ ಕಾಲು ಬದಲಿಸುವ ಸದ್ದು. ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಬೇಲಿಯ ಬಳಿ ಬೂದು ಬಣ್ಣವೊಂದು ಅಲುಗಿತು. ಬಂದು, ನಿಂತು, ಅಡ್ಡಡ್ಡವಾಗಿ ತಿರುಗಿ ನಮ್ಮ ಕಡೆ ನೋಡಿತು. ನೂರಿಪ್ಪತ್ತು ಗಜ. ಆಂಟಿ ಹೊಡೆದರು.

ಅದು ಬೀಳಲಿಲ್ಲ. ಹಿಂಭಾಗ ಕುಸಿದು, ಮುಂಗಾಲ ಮೇಲೆ ಎದ್ದು, ಹಿಂಗಾಲು ಎಳೆದುಕೊಂಡು ಪಕ್ಕದವರ ಕಾಡಿನೊಳಗೆ ಹೋಯಿತು. ಹಿಮದ ಮೇಲೆ ಕೆಂಪು ಗೆರೆ.

ಆ ಕ್ಷಣದಲ್ಲೇ ನನಗೆ ಗೊತ್ತಾಯಿತು. ಇಪ್ಪತ್ತು ಗುಂಡುಗಳಲ್ಲಿ ಹದಿನಾರನ್ನು ನಾನು ಕಾದ ಬ್ಯಾರೆಲ್‌ನಿಂದ ಹಾರಿಸಿದ್ದೆ. ನನ್ನ ಸರಾಸರಿ ಕಾದ ಬ್ಯಾರೆಲ್ಲಿನ ಸರಾಸರಿ. ಕಯೋಟಿಗೆ ಹೊಡೆಯುವುದು ಒಂದೇ ಗುಂಡು, ಅದೂ ಮೊದಲನೆಯದು, ರಾತ್ರಿಯಿಡೀ ತಣ್ಣಗೆ ಕೂತಿದ್ದ ಬ್ಯಾರೆಲ್‌ನಿಂದ. ಕೆಳಗೆ, ಎಡಕ್ಕೆ, ಒಂದು ಗೇಣಿನಷ್ಟು. ಎದೆಗೆ ಬೀಳಬೇಕಾದದ್ದು ತೊಡೆಗೆ ಬಿದ್ದಿತ್ತು.

ಆಂಟಿ ಪಕ್ಕದವರಿಗೆ ಫೋನ್ ಮಾಡಿ ಅವರ ಜಾಗದೊಳಗೆ ಹೋಗಲು ಒಪ್ಪಿಗೆ ಕೇಳಿದರು. ಗೆರೆ ಹಿಡಿದು ಅರ್ಧ ಮೈಲಿ ನಡೆದೆವು. ಉರುಳಿಬಿದ್ದ ಮರವೊಂದರ ಕೆಳಗೆ ಅದು ಮಲಗಿತ್ತು, ಕಣ್ಣು ತೆರೆದೇ ಇತ್ತು. "ಆ ಕಡೆ ತಿರುಗು," ಎಂದರು. ತಿರುಗಿದೆ. ಸದ್ದು ಕೇಳಿದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.

ಅಡುಗೆಮನೆಗೆ ವಾಪಸು ಬಂದು ಕಾಫಿ ಹಿಡಿದು ಕೂತಾಗ ಆಂಟಿ ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು. "ಹನ್ನೆರಡನೇ ವಯಸ್ಸಿಂದ ಕೋವಿ ಹಿಡಿದಿದ್ದೀನಿ. ಒಂದು ಪ್ರಾಣೀನ ಹೀಗೆ ನರಳಿಸಿರ್ಲಿಲ್ಲ. ಕೈ ಹೋಯ್ತು ಕಣಪ್ಪ. ಆಡುಗಳನ್ನ ಕೊಟ್ಬಿಡ್ತೀನಿ. ಯಾರೋ ಕೇಳ್ತಾ ಇದ್ರು. ಈ ವಾರನೇ ಹೇಳಿ ಕಳಿಸ್ತೀನಿ."

ನಾನು ಕಾಫಿ ಕುಡಿಯುತ್ತ ಹೋದೆ. ಲೋಟ ಖಾಲಿಯಾಗುವವರೆಗೂ. ಟೋಸ್ಟರಿಗೆ ಹೆದರುವವನು ಮನುಷ್ಯರಿಗೆ ಇನ್ನೂ ಹೆಚ್ಚು ಹೆದರುತ್ತಾನೆ. ಹೇಳದೆ ಹೋದರೆ ಯಾರಿಗೂ ತಿಳಿಯುವುದಿಲ್ಲ ಅನ್ನುವುದೂ ಮನಸ್ಸಿಗೆ ಬಂತು. ಬರಲಿಲ್ಲ ಎಂದು ನಿಮ್ಮ ಹತ್ತಿರ ಸುಳ್ಳು ಹೇಳಲಾರೆ. ಆಮೇಲೆ ಲೋಟ ಕೆಳಗಿಟ್ಟು, ಇಪ್ಪತ್ತು ಗುಂಡಿನ ಕಥೆ ಹೇಳಿದೆ.

ಅವರು ಪೂರ್ತಿ ಕೇಳಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಸರಾಸರಿ," ಎಂದರು. "ನಾನು ಇಪ್ಪತ್ತು ಪೇಷೆಂಟಿನ ಸರಾಸರಿ ತೂಕ ನೋಡಿ ಔಷಧಿ ಕೊಟ್ಟಿದ್ರೆ?"

ನಾನು ಲೋಟ ಎತ್ತಿ ಸಿಂಕಿಗೆ ಒಯ್ದೆ.

"ಸರಿ. ನಾಳೆಯಿಂದ ದಿನಕ್ಕೆ ಒಂದೇ ಗುಂಡು. ತಣ್ಣಗಿರೋ ಕೋವಿ. ಒಂದಿನ ನೀನು, ಒಂದಿನ ನಾನು. ಅದೇ ಜಾಗ, ಬೇರೆ ಬೇರೆ ಕಾಗದ. ಆಮೇಲೆ ನೋಡೋಣ, ತಪ್ಪು ಯಾರದ್ದು ಅಂತ."

ದುರ್ಬೀನನ್ನು ಮತ್ತೆ ಹೊಂದಿಸಿ, ಹತ್ತು ದಿನ ಬೆಳಗ್ಗೆ ಆಫೀಸಿಗೆ ಮೊದಲು ಅಲ್ಲಿಗೆ ಡ್ರೈವ್ ಮಾಡಿದೆ. ಒಂದು ಗುಂಡಿಗಾಗಿ ಹೋಗಿ ಬರಲು ಐವತ್ತು ಮೈಲಿ. ಹತ್ತನೆಯ ದಿನ ಎರಡು ಕಾಗದಗಳನ್ನೂ ಅಡುಗೆಮನೆಯ ಮೇಜಿನ ಮೇಲೆ ಹರಡಿದೆವು. ನನ್ನ ಐದು ತೂತುಗಳ ಮೇಲೆ ಕಾಫಿ ಲೋಟ ಇಟ್ಟರೆ ಎಲ್ಲವೂ ಮುಚ್ಚಿಹೋಗುತ್ತಿದ್ದವು. ಅವರ ಐದನ್ನು ಮುಚ್ಚಲು ಊಟದ ತಟ್ಟೆ ಬೇಕಿತ್ತು.

ಆಂಟಿ ಕನ್ನಡಕ ಹಾಕಿಕೊಂಡು ನೋಡಿದರು. "ಸರಿಯಾಗಿ ಹೇಳು. ಕೋವೀದಾ, ನಂದಾ?"

ನನ್ನ ತಪ್ಪು ಒಪ್ಪಿಕೊಳ್ಳಲು ಒಂದು ಲೋಟ ಕಾಫಿಯ ಹೊತ್ತು ಹಿಡಿದಿತ್ತು. ಇದಕ್ಕೆ ಅಷ್ಟೂ ಸಮಯ ಇರಲಿಲ್ಲ, ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಗಾಳಿ ಇತ್ತು ಅನ್ನಬಹುದಿತ್ತು. ಐದು ಗುಂಡು ಸಾಲದು, ಇನ್ನೂ ಹದಿನೈದು ಬೇಕು ಅನ್ನಬಹುದಿತ್ತು. ಆದರೆ ಆ ಮರದ ಕೆಳಗಿನ ತೆರೆದ ಕಣ್ಣು ನನ್ನ ಕಣ್ಣ ಮುಂದೆಯೇ ಇತ್ತು.

"ಇದು ನಿಮ್ಮದು ಆಂಟಿ," ಎಂದೆ. "ಅವತ್ತಿನದು ನಂದು. ಇದು ನಿಮ್ಮದು. ಕೈ ನಡುಗ್ತಾ ಇದೆ. ಈ ಕೋವಿ ಹಗುರ, ನಡುಕ ಪೂರ್ತಿ ಅದಕ್ಕೇ ಹೋಗತ್ತೆ."

ಅವರು ಕಾಗದ ಮಡಿಸಿದರು. ಮತ್ತೆ ಬಿಡಿಸಿದರು. ಕೊಟ್ಟಿಗೆಯಲ್ಲಿ ಯಾವುದೋ ಆಡು ಕೂಗಿತು.

ಹೆದರುವವನ ಬಾಯಿಂದ ಒಮ್ಮೊಮ್ಮೆ ಯೋಚಿಸದೆ ಮಾತು ಬರುತ್ತದೆ. "ಆ ದಪ್ಪ ಬ್ಯಾರೆಲ್‌ನದು ನಡುಗಲ್ಲ. ಮರಳಿನ ಚೀಲದ ಮೇಲೆ ಇಟ್ಟರೆ ಬಂಡೆ ಥರ ಕೂರತ್ತೆ. ನಿಮ್ಮ ಕೈಲಿ ಆಗದೇ ಇರೋದು ಹೊರೋದು ಮಾತ್ರ," ಎಂದೆ.

"ಹೊರೋರು ಯಾರು?"

ಆ ಪ್ರಶ್ನೆ ಬರುತ್ತದೆ ಎಂದು ನನ್ನ ಹದಿನಾಲ್ಕು ಕಾಲಮ್ಮುಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ.

ಅಂದಿನಿಂದ ಫೆಬ್ರವರಿ, ಮಾರ್ಚ್‌ಗಳ ಶನಿವಾರ ಬೆಳಗ್ಗೆ ನಾನು ಹಮಾಲಿ. ಹೊರುವುದು ನಾನು, ತೊಳೆಯುವುದು ನಾನು, ಹೊಡೆಯುವುದು ಅವರು. ಇವತ್ತೂ ಹೋಗಿದ್ದೆ. ಮರಿಗಳು ಹುಟ್ಟಿ ಆರು ದಿನ, ಒಟ್ಟು ಹನ್ನೊಂದು. ಮೊಣಕಾಲುದ್ದ ಹಿಮದಲ್ಲಿ ಹನ್ನೆರಡು ಪೌಂಡು ಹೊತ್ತು ಏದುಸಿರು ಬಿಡುತ್ತ ಹೋಗಿ, ಚೀಲದ ಮೇಲೆ ಇಳಿಸಿದೆ. ಆಂಟಿ ಅದರ ಹಿಂದೆ ಒರಗಿದರು. ಮೊದಮೊದಲು ಬೆರಳು ನಡುಗಿತು. ಆಮೇಲೆ ಆ ನಡುಕ ಕಬ್ಬಿಣದ ಭಾರದೊಳಗೆ ಇಳಿದು ಎಲ್ಲೋ ನಿಂತುಹೋಯಿತು.

ಬೇಲಿಯ ಬಳಿ ಒಂದು ಕಯೋಟಿ ಬಂತು. ಗುಂಡು ತಪ್ಪಿದರೆ ತಡೆಯಲು ಹಿಂದೆ ದಿಬ್ಬವಿದೆ, ಮನೆಯಿಲ್ಲ, ರಸ್ತೆಯಿಲ್ಲ; ಮೂರು ಸಲ ನೋಡಿದೆ. ತಲೆಯಾಡಿಸಿದೆ.

"ನಿನ್ನ ಉಸಿರು ನನಗೆ ಕೇಳ್ತಾ ಇದೆ," ಎಂದು ಆಂಟಿ ಪಿಸುಗುಟ್ಟಿದರು.

ಉಸಿರು ಹಿಡಿದೆ. ಈ ಸಲ ಬೇರೆ ಕಡೆ ತಿರುಗಲಿಲ್ಲ. ಒಂದು ಗುಂಡು. ನಿಂತಲ್ಲೇ ಬಿತ್ತು, ಕಾಲು ಕೂಡ ಅಲುಗಲಿಲ್ಲ.

ಆಂಟಿ ನಿಧಾನವಾಗಿ ಎದ್ದು, ಮೊಣಕಾಲಿನ ಹಿಮ ಕೊಡವಿಕೊಂಡರು. ನನ್ನ ಕಡೆ ನೋಡಲಿಲ್ಲ. ಕೊಟ್ಟಿಗೆಯ ಕಡೆ ನಡೆಯುತ್ತ, "ಕೋವಿ ಎತ್ಕೋ," ಎಂದರು.