ಟಾರ್ಚಿನ ಮೇಲಿನ ತೆರಿಗೆ
ಡೆಂಕಣಿಕೋಟೆ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಟಾರ್ಚು ಕೊಂಡೆ. ಬಿಲ್ಲಿನ ಕೊನೆಯಲ್ಲಿ ಮಾರಾಟ ತೆರಿಗೆ ಕಂಡು ರೇಗಿತು. ‘ಸಂಬಳದಲ್ಲಿ ವರಮಾನ ತೆರಿಗೆ ಹಿಡಿದುಕೊಂಡಿದ್ದು ಸಾಲದೆ ಇದು ಬೇರೆ! ರೈತರೇ ಪುಣ್ಯವಂತರು, ಅವರಿಗೆ ತೆರಿಗೆಯೇ ಇಲ್ಲ’ ಎಂದು ಅಂಗಡಿಯವನಿಗೆ ಹೇಳಿದೆ.

ಪಕ್ಕದಲ್ಲಿ ಅಂಥದೇ ಟಾರ್ಚು ಕೊಂಡಿದ್ದ ಹಳ್ಳಿಯ ಹೆಂಗಸು ನಕ್ಕಳು. ‘ರಾಗೀನೆಲ್ಲ ಆನೆ ತಿಂದೋಗ್ಬುಟ್ರೆ ವರಮಾನ ಎಲ್ಲಿಂದ ಬತ್ತದೆ ಸ್ವಾಮಿ? ಅವನ್ನ ಓಡ್ಸೋಕೇ ಈ ಬ್ಯಾಟ್ರಿ. ಇದ್ಕೆ ನಾನೂ ತೆರಿಗೆ ಕಟ್ಟಿದೀನಿ, ನೋಡಿ’ ಎಂದು ತನ್ನ ಬಿಲ್ಲು ತೋರಿಸಿದಳು. ಅವಳ ತೆರಿಗೆ ನನ್ನದಕ್ಕಿಂತ ಒಂದು ಪೈಸೆಯೂ ಕಡಿಮೆಯಿರಲಿಲ್ಲ.

‘ನಿಮ್ಮೂರ್ಗೂ ಆನೆ ಬತ್ತವಾ?’ ಎಂದು ಕೇಳಿದಳು.

ಲಾಡ್ಜಿನಲ್ಲಿ ಕರೆಂಟು ಹೋದರೆ ಕಾದಂಬರಿ ಓದಲು ಕೊಂಡೆ ಎನ್ನಲು ಬಾಯಿ ಬರಲಿಲ್ಲ.

‘ಬರ್ತವೆ’ ಎಂದೆ.