ಗುರುತು ಹಿಡಿಯುವವರು

ನನ್ನನ್ನು ಹೆಸರು ಹಿಡಿದು ಸ್ವಾಗತಿಸುತ್ತಿದ್ದ ಏಕೈಕ ಅಂಗಡಿ ಸಾಗರದಾಚೆಗಿತ್ತು. ಅದು ಪುಸ್ತಕದ ಅಂಗಡಿ. ಕಂಪ್ಯೂಟರಿನ ಪರದೆಯ ಮೇಲಲ್ಲದೆ ಬೇರೆಲ್ಲೂ ನಾನದನ್ನು ಕಂಡವನಲ್ಲ, ಅಲ್ಲಿ ಒಂದು ಪುಸ್ತಕವನ್ನೂ ಕೊಂಡವನಲ್ಲ. ಆದರೂ ಒಮ್ಮೆ ಹೆಸರು ನೋಂದಾಯಿಸಿದ್ದಕ್ಕೆ, ಹೋದಾಗಲೆಲ್ಲ ಪುಟದ ನೆತ್ತಿಯಲ್ಲಿ ನನ್ನ ಹೆಸರು ಬರೆದು, ಮತ್ತೆ ಬಂದಿರಾ, ಸಂತೋಷ ಎಂದು ಇಂಗ್ಲಿಷಿನಲ್ಲಿ ಉಪಚರಿಸುತ್ತಿತ್ತು. ಶತಮಾನ ಮುಗಿಯಲು ಇನ್ನೊಂದೆರಡು ವರ್ಷವಿದ್ದ ಆ ಕಾಲದಲ್ಲಿ, ಅವಿವಾಹಿತನೂ ಅಮ್ಮನನ್ನು ಕಳೆದುಕೊಂಡವನೂ ಆದ ನನಗೆ ತಮಿಳುನಾಡಿನ ಕಂಬಂನ ಮನೆಯಲ್ಲಿ ಇಷ್ಟು ಉಪಚಾರ ಮಾಡುವವರು ಯಾರೂ ಇರಲಿಲ್ಲವೆಂಬುದನ್ನು ಓದುಗರು ದಯವಿಟ್ಟು ನೆನಪಿಡಬೇಕು.

ತೇನಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಮೇಷ್ಟರಾಗಿದ್ದೆ. ಟೆಲಿಫೋನ್ ತಂತಿಯಲ್ಲಿ ತೆವಳಿಕೊಂಡು ಬರುತ್ತಿದ್ದ ಅಂತರಜಾಲದಲ್ಲಿ ಬೇಕಾದ ಪುಟಕ್ಕಿಂತ ಮೊದಲು ಜಾಹೀರಾತು ಬಂದು ಕೂರುತ್ತಿತ್ತು. ಒಂದನ್ನು ಮುಚ್ಚಿದರೆ ಇನ್ನೆರಡು ಕಿಟಕಿಗಳು ತೆರೆದುಕೊಂಡು, ನಾನೆಂದೂ ಆಡದ ಪಂದ್ಯದಲ್ಲಿ ಗೆದ್ದಿದ್ದೇನೆಂದು ಅಭಿನಂದಿಸುತ್ತಿದ್ದವು. ಜೀವನದಲ್ಲಿ ಅಷ್ಟೊಂದು ಗೆಲುವು ಅಭ್ಯಾಸವಿಲ್ಲದ ನಾನು ರೋಸಿಹೋಗಿ, ಸಿದ್ಧವಾಗಿ ಸಿಗುವ ಬಿಡಿಭಾಗಗಳನ್ನು ಜೋಡಿಸಿ ನನ್ನದೇ ಒಂದು ಬ್ರೌಸರ್ ಕಟ್ಟತೊಡಗಿದೆ. ಜಾಹೀರಾತು ಕಳಿಸುವ ಕಂಪ್ಯೂಟರುಗಳಿಗೆ ಅದು ಬಾಗಿಲು ತೆರೆಯಬಾರದು. ಕೇಳದೆ ತೆರೆಯುವ ಕಿಟಕಿಯನ್ನು ಹುಟ್ಟುವಾಗಲೇ ಮುಚ್ಚಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾವು ಎಲ್ಲೆಲ್ಲಿ ಅಲೆದೆವೆಂದು ಗುರುತಿಟ್ಟುಕೊಳ್ಳಲು ತಾಣಗಳು ನಮ್ಮ ಯಂತ್ರದೊಳಗೇ ಅಡಗಿಸಿಡುವ ಪುಟ್ಟ ಚೀಟಿಗಳನ್ನು ಒಳಗೆ ಬಿಡಬಾರದು. ಈ ಗೂಢಚಾರ ಚೀಟಿಗೆ ಕುಕಿ ಎಂದು ಬಿಸ್ಕತ್ತಿನ ಹೆಸರಿಟ್ಟವರ ಹಾಸ್ಯಪ್ರಜ್ಞೆಯನ್ನು ಮೆಚ್ಚಲೇಬೇಕು.

ಕಣ್ಣು ತಪ್ಪಿಸುವ ಈ ವಿದ್ಯೆಯಲ್ಲಿ ನನಗೆ ಪೂರ್ವಾಭ್ಯಾಸವಿತ್ತು. ನಮ್ಮ ಮುಂದಿನ ಬೀದಿಯಲ್ಲಿ ತಮ್ಮ ಮನೆಯ ತಿಣ್ಣೆಯ, ಅಂದರೆ ಜಗಲಿಯ, ಮೇಲೆ ರಂಗಮ್ಮತ್ತೆ ಕೂರುತ್ತಿದ್ದರು. ಅಮ್ಮನ ಗೆಳತಿ, ಚಿನ್ನಾಳಪಟ್ಟಿ ಸೀರೆಯ ಸೆರಗು ಬಿಗಿದು ಬೆಳಿಗ್ಗೆಯಿಂದ ಸಂಜೆಯವರೆಗೆ ಬೀದಿಯನ್ನು ಕಾಯುವವರು. ಯಾರು ಎತ್ತ ಹೋದರು, ಯಾರ ಚೀಲದಲ್ಲಿ ಏನಿತ್ತು ಎಂಬ ಸಮಸ್ತ ಮಾಹಿತಿ ಅವರಲ್ಲಿ ಸಂಗ್ರಹವಾಗುತ್ತಿತ್ತು. ನಾನು ಹೊಸ ಅಂಗಿ ಕೊಂಡದ್ದು ಕಂಡರೆ ಮರುದಿನವೇ, "ನಿಲಕ್ಕೋಟ್ಟೈಲಿ ಒಂದ್ ಹೆಣ್ ಐತೆ, ಹೂ ತೋಟದ ಮನೆ, ನೋಡ್ತೀಯಾ ಕಣ್ಣು?" ಎಂದು ತಕ್ಕ ಜಾಹೀರಾತು ಮುಂದಿಡುತ್ತಿದ್ದರು. ಅಮ್ಮ ಹೋದ ಮೇಲೆ ಆ ಕರುಣೆಯನ್ನು ಎದುರಿಸಲಾರದೆ ನಾನು ಹಿಂದಿನ ಸಂದಿಯಿಂದ ಬಸ್ಸಿಗೆ ಹೋಗುವುದನ್ನು ರೂಢಿಸಿಕೊಂಡಿದ್ದೆ. ಅಲ್ಲಿ ಕಣಿವೆಯ ಗಾಳಿಯ ಹೊರತು ಯಾರೂ ಎದುರಾಗುತ್ತಿರಲಿಲ್ಲ.

ಬ್ರೌಸರ್ ಮುಗಿಯಿತು. ಮೊದಲ ಪರೀಕ್ಷೆಗೆಂದು ಪುಸ್ತಕದಂಗಡಿಗೇ ಹೋದೆ. ಕಿಟಕಿಗಳಿಲ್ಲ, ಕುಣಿಯುವ ಚಿತ್ರಗಳಿಲ್ಲ. ಪುಟ ಗುಡಿಸಿದ ಅಂಗಳದಂತೆ ಸ್ವಚ್ಛವಾಗಿತ್ತು. ಗುರುತಿನ ಚೀಟಿ ಇಲ್ಲದ್ದರಿಂದ ನೆತ್ತಿಯಲ್ಲಿ ನನ್ನ ಹೆಸರೂ ಇರಲಿಲ್ಲ. ನೀವು ಹೊಸಬರಾದರೆ ನಿಮ್ಮ ಪರಿಚಯ ತಿಳಿಸಿ, ಎಂದು ಅದು ವಿನಯದಿಂದ ಕೇಳಿತು. ಗೆದ್ದವನು ನಾನೇ, ಆದರೂ ಪುಟವನ್ನು ಇನ್ನೆರಡು ಸಲ ತೆರೆದು ನೋಡಿದೆ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಹೇಳಿಕೊಳ್ಳುತ್ತಿದ್ದೆ.

ಆ ಸಂಜೆ ಬಸ್ಸಿಳಿದವನು ಸಂದಿಯ ಕಡೆ ತಿರುಗದೆ ಮುಂದಿನ ಬೀದಿಗೇ ನಡೆದೆ. ತಿಣ್ಣೆಯ ಮೇಲೆ ರಂಗಮ್ಮತ್ತೆ ಇದ್ದರು. ನಾನಾಗಿಯೇ ನಿಂತೆ. ಅವರು ದಿಟ್ಟಿಸಿ ನೋಡಿ, "ಯಾರುಪ್ಪಾ ಅದು? ಎನ್ನ ವೇಣುಂ?" ಎಂದರು. ಯಾರು, ಏನು ಬೇಕು ಎಂದು, ತಮಿಳಿನಲ್ಲಿ.

ತಲೆಮಾರುಗಳ ಹಿಂದೆ ಈ ತಮಿಳು ಸೀಮೆಗೆ ಬಂದು ನೆಲೆಸಿದ ಕನ್ನಡದವರಾದ ನಮ್ಮ ಜನರ ಪದ್ಧತಿಯನ್ನು ಇಲ್ಲಿ ಹೇಳಬೇಕು. ಕನ್ನಡ ನಮಗೆ ಹೊಸಿಲೊಳಗಿನ ಮಾತು, ಹೊರಗಿನವರೊಡನೆ ತಮಿಳು. ತಮಿಳಿನಲ್ಲಿ ಕೇಳಿದವರಿಗೆ ತಮಿಳಿನಲ್ಲೇ ಉತ್ತರಿಸುವುದು ಎಷ್ಟು ರೂಢಿಯೆಂದರೆ, ನಮ್ಮವರೇ ಇಬ್ಬರು ಕಂಬಂನಿಂದ ತೇನಿಯವರೆಗೆ ಒಂದೇ ಸೀಟಿನಲ್ಲಿ ಕೂತು, ಹರಟಿ, ಗುರುತೇ ಸಿಗದೆ ಇಳಿದುಹೋಗಬಲ್ಲರು. ನಾನೂ ಅದೇ ತಪ್ಪು ಮಾಡಿದೆ. "ನಾನ್ ದಾನ್," ನಾನೇ ಎಂದೆ. ಮನೆಯಲ್ಲಿ ಗಂಡಸರಿಲ್ಲ, ನಾಳೆ ಬನ್ನಿ ಎಂದು ಅವರು ತಮಿಳಿನಲ್ಲೇ ಮುಖ ತಿರುಗಿಸಿದರು.

ಆಗ ಗಂಟಲು ಸರಿಮಾಡಿಕೊಂಡು, ಬಹಳ ದಿನಗಳಿಂದ ಯಾರೊಡನೆಯೂ ಆಡದ ಮನೆಮಾತನ್ನು ಆಡಿದೆ. "ಅತ್ತೆ, ನಾನು. ಲಕ್ಷ್ಮಕ್ಕನ ಮಗ."

"ನಮ್ಮವ್ನಾ?" ಅವರ ಮುಖ ಬಿಚ್ಚಿಕೊಂಡಿತು. "ಮೊದ್ಲೇ ಹೇಳ್ಬಾರ್ದಾ ಕಣ್ಣು? ಕುಂತ್ಕ. ಯಾವ ಲಕ್ಷ್ಮಕ್ಕ? ಯಾವ ಊರು?"

ಒಳಗಿನಿಂದ ಸೊಸೆ ಬಂದು ಮೆಲ್ಲಗೆ ಹೇಳಿದಳು: "ಅತ್ತೆಗೆ ಈಗ ಯಾರೂ ನೆಪ್ಪಿಲ್ಲ ಅಣ್ಣ. ಬೇಜಾರ್ ಮಾಡ್ಕಬೇಡಿ."

ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಅಮ್ಮನನ್ನು ಬಲ್ಲವರೊಬ್ಬರು ಬೀದಿಯಲ್ಲಿ ಉಳಿದಿದ್ದಾರೆಂಬ ಧೈರ್ಯದ ಮೇಲೆಯೇ ನಾನು ಅಷ್ಟು ದಿನ ಸಂದಿಯಲ್ಲಿ ಓಡಾಡಿಕೊಂಡಿದ್ದೆನೆಂಬುದು ಆಗಷ್ಟೇ ತಿಳಿಯಿತು. ಕೂತೆ. ಊರು, ಮನೆ, ಕೆಲಸ, ಚೀಲದಲ್ಲಿದ್ದ ಬದನೆಕಾಯಿ, ಯಾವ ತಾಣಕ್ಕೂ ಕೊಡಬಾರದೆಂದು ಹಟ ತೊಟ್ಟಿದ್ದ ಸಕಲ ವಿವರಗಳನ್ನೂ ಒಪ್ಪಿಸಿದೆ. "ಕಲ್ಯಾಣ ಆತಾ?" ಎಂದರು. ಇಲ್ಲವೆಂದೆ. "ಶರಿ, ಉಂಡ್ಯಾ?" ಎಂದರು. ಅದಕ್ಕೂ ಇಲ್ಲವೆಂದೆ.

ಮರುದಿನ ಹೋದಾಗ ಅವರಿಗೆ ನಾನು ಮತ್ತೆ ಹೊಸಬ. ಆಮೇಲೆ ದಿನವೂ ಹಾಗೆಯೇ ನಡೆಯಿತು. ತೇನಿಯಲ್ಲಿ ಪುಸ್ತಕದಂಗಡಿ ಪ್ರತಿ ಸಲವೂ ನೀವು ಯಾರು ಎಂದು ಕೇಳುತ್ತಿತ್ತು, ನಾನು ಉತ್ತರಿಸುತ್ತಿರಲಿಲ್ಲ. ಸಂಜೆ ತಿಣ್ಣೆಯ ಮೇಲಿಂದ ಅದೇ ಪ್ರಶ್ನೆ ತಮಿಳಿನಲ್ಲಿ ಬರುತ್ತಿತ್ತು. ನಾನು ಚಪ್ಪಲಿ ಬಿಟ್ಟು ಕೂತು, ನಮ್ಮ ಮಾತಿನಲ್ಲಿ, ಅಮ್ಮನ ಹೆಸರಿನಿಂದ ಶುರುಮಾಡುತ್ತಿದ್ದೆ.